ಮದುವೆಯಾಗದೆ ಜೊತೆಗಿದ್ದು ಬೇರೆಯಾದಾಗ ಫ್ಲ್ಯಾಟ್ ಯಾರದು? ಕ್ರಯಪತ್ರ ತೆಗೆಯುವುದರಿಂದ ಹಕ್ಕು ಬಿಡುಗಡೆಯವರೆಗೆ ಸಮಗ್ರ ಮಾರ್ಗದರ್ಶಿ

ಕೆಲವು ವರ್ಷಗಳ ಹಿಂದೆ ಒಬ್ಬ ಹೆಣ್ಣುಮಗಳು ನನ್ನ ಆಫೀಸಿಗೆ ಬಂದಿದ್ದರು. ಕೈಯಲ್ಲೊಂದು ಪ್ಲಾಸ್ಟಿಕ್ ಫೋಲ್ಡರ್, ಅದರೊಳಗೆ ಫ್ಲ್ಯಾಟಿನ ಕ್ರಯಪತ್ರದ ಜೆರಾಕ್ಸ್. ನಾಲ್ಕು ವರ್ಷ ಜೊತೆಗಿದ್ದ ಹುಡುಗ ಬೇರೆಯಾಗಿದ್ದ. ‘ಮನೆ ಇಬ್ಬರದೂ ಮೇಡಂ, ರಿಜಿಸ್ಟ್ರೇಷನ್ ದಿನ ಇಬ್ಬರೂ ಸೈನ್ ಹಾಕಿದೀವಿ’ ಅಂದರು. ಕೊನೆಯ ಪುಟ ತೆಗೆದು ನೋಡಿದೆ. ಅವರ ಸಹಿ ಇತ್ತು, ಆದರೆ ‘ಸಾಕ್ಷಿಗಳು’ ಅಂತ ಟೈಪು ಮಾಡಿದ್ದರ ಕೆಳಗೆ. ಖರೀದಿದಾರರ ಜಾಗದಲ್ಲಿ ಅವನೊಬ್ಬನದೇ ಹೆಸರು. ಬ್ಯಾಂಕ್ ಸಾಲಕ್ಕೆ ಮಾತ್ರ ಇಬ್ಬರೂ ಅರ್ಜಿದಾರರು. ನಾಲ್ಕು ವರ್ಷವೂ ಅರ್ಧ ಇಎಂಐ ಇವರ ಸಂಬಳದಿಂದಲೇ ಹೋಗಿತ್ತು. ಬೆರಳಿಟ್ಟು ತೋರಿಸಿದಾಗ ಅವರು ತುಂಬ ಹೊತ್ತು ಆ ಪುಟವನ್ನೇ ನೋಡುತ್ತ ಕೂತರು. ಆ ಕ್ಷಣ ನನಗೆ ಇವತ್ತಿಗೂ ಮರೆತಿಲ್ಲ. ಆ ಪುಟವನ್ನು ನೋಂದಣಿಯ ದಿನವೇ ಯಾರಾದರೂ ಅವರಿಗೆ ಓದಿ ಹೇಳಿದ್ದರೆ ಸಾಕಿತ್ತು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಇಲ್ಲಿ ಹೇಳುವುದೆಲ್ಲ ಕರ್ನಾಟಕದ, ಅದರಲ್ಲೂ ಬೆಂಗಳೂರಿನ ರೂಢಿಗೆ ಹೊಂದುವಂಥದ್ದು. ಕೇಂದ್ರದ ಕಾನೂನುಗಳು ದೇಶಕ್ಕೆಲ್ಲ ಒಂದೇ. ಮುದ್ರಾಂಕ ಶುಲ್ಕ, ಖಾತೆ ಮುಂತಾದವು ಮಾತ್ರ ರಾಜ್ಯದಿಂದ ರಾಜ್ಯಕ್ಕೆ ಬೇರೆ.

ಮೊದಲು ತಲೆಯಿಂದ ತೆಗೆಯಬೇಕಾದ್ದು

‘ಇಷ್ಟು ವರ್ಷ ಗಂಡ-ಹೆಂಡಿರ ಹಾಗೇ ಇದ್ದೆವಲ್ಲ, ಅರ್ಧ ಬರಲ್ವಾ?’ ಎಂದು ಬಹಳ ಜನ ಕೇಳುತ್ತಾರೆ. ಬರುವುದಿಲ್ಲ. ನಿಜ ಹೇಳಬೇಕೆಂದರೆ, ತಾಳಿ ಕಟ್ಟಿಸಿಕೊಂಡ ಹೆಂಡತಿಗೂ ಗಂಡನ ಸ್ವಂತ ದುಡಿಮೆಯ ಆಸ್ತಿಯಲ್ಲಿ ವಿಚ್ಛೇದನದ ಹೊತ್ತಿಗೆ ‘ಅರ್ಧ’ ಎಂಬ ಹಕ್ಕನ್ನು ನಮ್ಮ ಕಾನೂನು ಕೊಟ್ಟಿಲ್ಲ. ಜೀವನಾಂಶ ಬೇರೆ, ಒಡೆತನ ಬೇರೆ. ಗೋವಾದಲ್ಲಿ ಮಾತ್ರ ದಂಪತಿಯ ಆಸ್ತಿ ಒಟ್ಟಾಗುವ ಪದ್ಧತಿಯಿದೆ, ಅದೂ ಮದುವೆಯಾದವರಿಗೆ.

ಬಹುಕಾಲ ಗಂಡ-ಹೆಂಡತಿಯಂತೆ ಬಾಳಿದವರನ್ನು ವಿವಾಹಿತರೆಂದೇ ಊಹಿಸಬಹುದು ಎಂದು ಸುಪ್ರೀಂ ಕೋರ್ಟ್ ಹಲವು ಸಲ ಹೇಳಿದೆ. ಆದರೆ ಆ ಊಹೆ ಉಪಯೋಗಕ್ಕೆ ಬರುವುದು ಹೆಚ್ಚಾಗಿ ವಾರಸುದಾರಿಕೆ ಮತ್ತು ಮಕ್ಕಳ ಹಕ್ಕಿನ ಪ್ರಶ್ನೆಯಲ್ಲಿ. ಬೇರೆಯಾದ ಮೇಲೆ ಫ್ಲ್ಯಾಟನ್ನು ಎರಡು ಭಾಗ ಮಾಡಿಸಿಕೊಳ್ಳಲು ಅದನ್ನು ನಂಬಿ ಹೊರಡಬೇಡಿ.

ಹಾಗಾಗಿ ಕಾನೂನಿನ ಕಣ್ಣಲ್ಲಿ ನೀವಿಬ್ಬರೂ ಪ್ರೇಮಿಗಳಲ್ಲ, ಮಾಜಿ ಪ್ರೇಮಿಗಳೂ ಅಲ್ಲ. ಒಂದು ಆಸ್ತಿಗೆ ಹಣ ಹಾಕಿದ ಇಬ್ಬರು ಬೇರೆ ಬೇರೆ ವ್ಯಕ್ತಿಗಳು. ಈ ಮಾತು ಕಠಿಣವಾಗಿ ಕೇಳಬಹುದು, ಆದರೆ ನನಗೆ ಇದರಲ್ಲಿ ಒಂದು ನೆಮ್ಮದಿಯೂ ಕಾಣುತ್ತದೆ. ಯಾರು ಮೋಸ ಮಾಡಿದರು, ಯಾರು ಮೊದಲು ಬಿಟ್ಟು ಹೋದರು ಎಂಬುದನ್ನು ಯಾರೆದುರೂ ಸಾಬೀತು ಮಾಡಬೇಕಿಲ್ಲ. ಯಾರ ಹೆಸರಿದೆ, ಯಾರ ದುಡ್ಡು ಹೋಗಿದೆ ಎಂಬೆರಡೇ ಪ್ರಶ್ನೆ.

ಹೆಜ್ಜೆ 1: ಮೊದಲ ವಾರ, ಕಾಗದ ಕೈಗೆ ತೆಗೆದುಕೊಳ್ಳಿ

ಜಗಳದ ಬಿಸಿಯಲ್ಲಿ ಬ್ಯಾಗು ತುಂಬಿಕೊಂಡು ಹೊರಟುಬಿಡುವವರು ಬಟ್ಟೆ, ಲ್ಯಾಪ್‌ಟಾಪ್ ಒಯ್ಯುತ್ತಾರೆ, ಕಾಗದ ಬಿಡುತ್ತಾರೆ. ಮೂಲ ಕ್ರಯಪತ್ರ ಸಾಲ ಕೊಟ್ಟ ಬ್ಯಾಂಕಿನಲ್ಲಿ ಭದ್ರವಾಗಿರುತ್ತದೆ, ಅದಕ್ಕೆ ಚಿಂತೆ ಬೇಡ. ಕಾವೇರಿ ಆನ್‌ಲೈನ್ ಸೇವೆಯಲ್ಲಿ ಅಥವಾ ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ಅರ್ಜಿ ಹಾಕಿದರೆ ದೃಢೀಕೃತ ಪ್ರತಿ ಸಿಗುತ್ತದೆ. ಅದರ ಜೊತೆಗೇ ಋಣಭಾರ ಪತ್ರವನ್ನೂ, ಅಂದರೆ ಇಸಿಯನ್ನೂ, ಖರೀದಿಯ ದಿನದಿಂದ ಇವತ್ತಿನವರೆಗೆ ತೆಗೆಸಿ. ನಿಮಗೆ ತಿಳಿಯದಂತೆ ಏನಾದರೂ ನೋಂದಣಿಯಾಗಿದ್ದರೆ ಅಲ್ಲಿ ಕಾಣುತ್ತದೆ.

ಈಗ ಕ್ರಯಪತ್ರವನ್ನು ನಿಧಾನವಾಗಿ ಓದಿ. ನೋಡಬೇಕಾದ್ದು ಮೂರು ಕಡೆ. ಮೊದಲ ಪುಟಗಳಲ್ಲಿ ‘ಖರೀದಿದಾರರು’ ಎಂದು ಯಾರ ಯಾರ ಹೆಸರಿದೆ. ನಡುವೆ ಹಣ ಸಂದಾಯದ ವಿವರದಲ್ಲಿ ಯಾವ ಖಾತೆಯಿಂದ, ಯಾವ ಚೆಕ್ ಅಥವಾ ಆರ್‌ಟಿಜಿಎಸ್ ಮೂಲಕ ಎಷ್ಟು ಹೋಗಿದೆ. ಮೂರನೆಯದು, ಇಬ್ಬರ ಪಾಲು ಇಷ್ಟಿಷ್ಟು ಎಂಬ ಸಾಲು ಎಲ್ಲಾದರೂ ಇದೆಯೇ. ಬಹುಪಾಲು ಪತ್ರಗಳಲ್ಲಿ ಆ ಸಾಲು ಇರುವುದೇ ಇಲ್ಲ, ಮುಂದಿನ ಗೊಂದಲಕ್ಕೆಲ್ಲ ಮೂಲ ಅದೇ.

ಖಾತೆಯಲ್ಲಿ ಹೆಸರಿದೆ ಎಂದು ಸಮಾಧಾನ ಪಡಬೇಡಿ. ಖಾತೆ, ಇ-ಖಾತಾ ಎರಡೂ ತೆರಿಗೆ ಕಟ್ಟಲು ಇರುವ ದಾಖಲೆ; ಒಡೆತನ ಹುಟ್ಟುವುದು ನೋಂದಾಯಿತ ಕ್ರಯಪತ್ರದಿಂದ. ವಿದ್ಯುತ್ ಬಿಲ್ಲು, ಗ್ಯಾಸ್ ಸಂಪರ್ಕ, ಅಪಾರ್ಟ್‌ಮೆಂಟ್ ಸಂಘದ ರಸೀದಿ ಇವೆಲ್ಲ ಅಲ್ಲಿ ವಾಸವಿದ್ದಿರಿ ಎಂಬುದಕ್ಕೆ ಪುರಾವೆ, ಮಾಲೀಕರು ಎಂಬುದಕ್ಕಲ್ಲ.

ಆಮೇಲೆ ಹಣದ ಜಾಡು. ಮುಂಗಡ ಕೊಟ್ಟ ದಿನದಿಂದ ಹಿಡಿದು ಬ್ಯಾಂಕ್ ಸ್ಟೇಟ್‌ಮೆಂಟನ್ನು ಸೀಲು-ಸಹಿ ಸಮೇತ ತೆಗೆದುಕೊಳ್ಳಿ. ಫೋನ್‌ಪೇ, ಗೂಗಲ್‌ಪೇ ಪಾವತಿಗಳ ಪಟ್ಟಿ ಇಳಿಸಿಟ್ಟುಕೊಳ್ಳಿ. ವಾಟ್ಸಾಪ್ ಮಾತುಕತೆಯನ್ನು ಅಳಿಸಲೇಬೇಡಿ. ನೋವಾಗುತ್ತದೆ ಎಂದು ಇಡೀ ಚಾಟ್ ಅಳಿಸಿ ಬಂದವರನ್ನು ನೋಡಿದ್ದೇನೆ, ‘ನಿನ್ನ 6 ಲಕ್ಷ ಬಂತು, ಬಿಲ್ಡರ್‌ಗೆ ಕಟ್ಟಿದೆ’ ಎಂಬ ಒಂದೇ ಸಂದೇಶ ಅವರ ಕೇಸನ್ನು ಉಳಿಸುತ್ತಿತ್ತು. ವಿದ್ಯುನ್ಮಾನ ದಾಖಲೆಯನ್ನು ಕೋರ್ಟಿಗೆ ಕೊಡುವಾಗ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರ ಬೇಕು. 2024ರ ಜುಲೈ 1ರಿಂದ ಅದರಲ್ಲಿ ಎರಡು ಭಾಗ: ಒಂದನ್ನು ನೀವು ತುಂಬಬೇಕು, ಇನ್ನೊಂದನ್ನು ತಜ್ಞರು. ಬರಿಯ ಸ್ಕ್ರೀನ್‌ಶಾಟ್ ಸಾಲದು, ಮೂಲ ಫೋನ್ ಇಟ್ಟುಕೊಂಡಿರಿ.

ಅದೇ ವಾರ ಮಾಡಬೇಕಾದ ಇನ್ನೂ ಕೆಲವು: ನಿಮ್ಮ ಪರವಾಗಿ ವ್ಯವಹರಿಸುವ ಅಧಿಕಾರಪತ್ರವನ್ನು, ಅಂದರೆ ಜಿಪಿಎಯನ್ನು, ಸಂಗಾತಿಗೆ ಕೊಟ್ಟಿದ್ದರೆ ರದ್ದು ಮಾಡಿ, ನೋಂದಾಯಿತವಾಗಿದ್ದರೆ ರದ್ದತಿಯನ್ನೂ ನೋಂದಾಯಿಸಿ. ಜಂಟಿ ಖಾತೆ ‘ಇಬ್ಬರಲ್ಲಿ ಯಾರಾದರೂ’ ಎಂಬ ಷರತ್ತಿನದಾಗಿದ್ದರೆ, ಇಬ್ಬರ ಸಹಿಯೂ ಬೇಕೆಂದು ಬದಲಿಸಲು ಬ್ಯಾಂಕಿಗೆ ಬರೆದುಕೊಡಿ. ಉಯಿಲು, ವಿಮೆಯ ನಾಮಿನಿ ಸರಿಪಡಿಸಿ.

ಮನೆ ಬಿಟ್ಟು ಬಂದಿದ್ದರೆ ಒಂದು ಇಮೇಲ್ ಕಳಿಸಿ: ‘ನಾನು ಸದ್ಯಕ್ಕೆ ಬೇರೆಡೆ ಇದ್ದೇನೆ, ನನ್ನ ಪಾಲಿನ ಹಕ್ಕನ್ನು ಬಿಟ್ಟುಕೊಟ್ಟಿಲ್ಲ.’ ಎರಡೇ ಸಾಲು ಸಾಕು. ಬೈಗುಳ ಬೇಡ.

ಹೆಜ್ಜೆ 2: ನಿಮ್ಮದು ಯಾವ ಬಗೆಯ ಕೇಸು?

*ಇಬ್ಬರ ಹೆಸರೂ ಕ್ರಯಪತ್ರದಲ್ಲಿದೆ.* ಇದೇ ಎಲ್ಲಕ್ಕಿಂತ ವಾಸಿ. ಪತ್ರದಲ್ಲಿ ಪಾಲು ಬರೆದಿದ್ದರೆ ಅದೇ ಲೆಕ್ಕ. ಬರೆದಿಲ್ಲದಿದ್ದರೆ 1882ರ ಆಸ್ತಿ ವರ್ಗಾವಣೆ ಕಾಯ್ದೆಯ 45ನೇ ಕಲಮು ದಾರಿ ತೋರಿಸುತ್ತದೆ: ಬೇರೆ ಒಪ್ಪಂದವಿಲ್ಲದಿದ್ದರೆ, ಬೇರೆ ಬೇರೆಯಾಗಿ ಹಣ ಹಾಕಿದವರಿಗೆ ಹಾಕಿದ ಹಣದ ಪ್ರಮಾಣದಲ್ಲಿ ಪಾಲು, ಯಾರು ಎಷ್ಟು ಹಾಕಿದರೆಂದು ತೋರಿಸಲು ಪುರಾವೆಯೇ ಇಲ್ಲದಿದ್ದರೆ ಇಬ್ಬರಿಗೂ ಸಮಪಾಲು ಎಂಬ ಊಹೆ. ಹೆಚ್ಚು ಹಾಕಿದವರು ಸ್ಟೇಟ್‌ಮೆಂಟ್ ಹುಡುಕಲಿ ಎಂದು ನಾನು ಒತ್ತಿ ಹೇಳುವುದು ಇದಕ್ಕೇ.

*ಹೆಸರು ಒಬ್ಬರದು, ಹಣ ಇನ್ನೊಬ್ಬರದೂ ಇದೆ.* ಇಲ್ಲಿ ತುಂಬ ಎಚ್ಚರ ಬೇಕು. ‘ಆಸ್ತಿ ನನ್ನದೇ, ಅನುಕೂಲಕ್ಕೆ ಅವನ ಹೆಸರಲ್ಲಿ ಮಾಡಿಸಿದೆ’ ಎಂದು ನೋಟಿಸಿನಲ್ಲಿ ಬರೆದುಬಿಡುವವರಿದ್ದಾರೆ. ಆ ಒಂದು ವಾಕ್ಯ ನಿಮ್ಮನ್ನು ಬೇನಾಮಿ ವಹಿವಾಟು ನಿಷೇಧ ಕಾಯ್ದೆಯ ಬಾಯಿಗೆ ತಳ್ಳಬಹುದು. 1988ರ ಆ ಕಾಯ್ದೆ ತಿದ್ದುಪಡಿಯಾಗಿ 2016ರ ನವೆಂಬರ್ 1ರಿಂದ ಬಿಗಿಯಾಗಿದೆ. ಗಂಡ ಅಥವಾ ಹೆಂಡತಿ, ಮಕ್ಕಳ ಹೆಸರಲ್ಲಿ ತನ್ನ ಗೊತ್ತಿರುವ ಆದಾಯದಿಂದ ಕೊಂಡರೆ ವಿನಾಯಿತಿಯಿದೆ. ಮದುವೆಯಾಗದ ಸಂಗಾತಿ ಆ ಪಟ್ಟಿಯಲ್ಲಿಲ್ಲ. ಬೇನಾಮಿ ಎಂದಾದರೆ ಆಸ್ತಿ ವಾಪಸ್ ಕೇಳಿ ದಾವೆ ಹಾಕಲು ಬರುವುದಿಲ್ಲ, ಆಸ್ತಿ ಮುಟ್ಟುಗೋಲಾಗಬಹುದು, ಒಂದರಿಂದ ಏಳು ವರ್ಷದವರೆಗೆ ಜೈಲೂ ಇದೆ.

ಹಾಗೆಂದು ಹಣ ಹೋಯಿತೆಂದು ಕೈಬಿಡಬೇಕಿಲ್ಲ. ನಡೆದದ್ದು ನಿಜಕ್ಕೂ ಏನು ಎಂದು ನೆನಪು ಮಾಡಿಕೊಳ್ಳಿ. ಅವರ ಮನೆಗೆ ನೀವು ಸಾಲವಾಗಿ ಕೊಟ್ಟಿದ್ದರೆ ಅದು ಸಾಲ. ವಾಪಸ್ ಕೇಳುವ ಹಕ್ಕಿದೆ. ಮೂರು ವರ್ಷದ ಗಡುವು ಸಾಮಾನ್ಯವಾಗಿ ಕೊಟ್ಟ ದಿನದಿಂದಲೇ ಎಣಿಕೆಯಾಗುತ್ತದೆ, ಬೇರೆಯಾದ ದಿನದಿಂದಲ್ಲ. ಗಡುವು ಮುಗಿಯುವ ಮುನ್ನ ಅವರು ‘ಇಷ್ಟು ಕೊಡಬೇಕಿದೆ’ ಎಂದು ಬರೆದು ಸಹಿ ಹಾಕಿಕೊಟ್ಟರೆ ಮತ್ತೆ ಮೂರು ವರ್ಷ ಸಿಗುತ್ತದೆ. ಗಡುವು ದಾಟಿದ್ದರೂ, ಅದನ್ನು ತೀರಿಸುತ್ತೇನೆಂದು ಅವರು ಸಹಿ ಮಾಡಿ ಬರೆದುಕೊಟ್ಟ ವಚನಕ್ಕೆ ಕಾಂಟ್ರ್ಯಾಕ್ಟ್ ಕಾಯ್ದೆಯ 25ನೇ ಕಲಮಿನಡಿ ಬೆಲೆಯಿದೆ. ಪ್ರೀತಿಯಿಂದ ಉಡುಗೊರೆಯಾಗಿ ಕೊಟ್ಟದ್ದಾದರೆ ಮಾತ್ರ ವಾಪಸ್ ಬರುವುದು ಕಷ್ಟ.

ನಾನು ಮೊದಲು ಹೇಳಿದ ಹೆಣ್ಣುಮಗಳಿಗೆ ಆಸರೆಯಾದದ್ದು ಬ್ಯಾಂಕ್ ಸಾಲದ ಪತ್ರ. ಸಹ-ಸಾಲಗಾರರಲ್ಲಿ ಒಬ್ಬರು ತಮ್ಮ ಪಾಲಿಗಿಂತ ಹೆಚ್ಚು ಕಟ್ಟಿದ್ದರೆ ಇನ್ನೊಬ್ಬರಿಂದ ವಸೂಲಿ ಕೇಳಬಹುದು. ಅವನ ಮನೆಗೆ ಇವರು ಕಟ್ಟಿದ್ದು ಕಂತು ಕಂತಾಗಿ ಸ್ಟೇಟ್‌ಮೆಂಟಿನಲ್ಲಿತ್ತು. ಮಧ್ಯಸ್ಥಿಕೆಯಲ್ಲಿ ಅದನ್ನು ಹಿಡಿದೇ ಮಾತಾಡಿ ಕಟ್ಟಿದ ಹಣದ ಬಹುಪಾಲು ವಾಪಸ್ ಬಂತು. ಆದರೆ ಮನೆಯ ಬೆಲೆ ಏರಿದ್ದರ ಲಾಭದಲ್ಲಿ ಒಂದು ರೂಪಾಯಿಯೂ ಸಿಗಲಿಲ್ಲ.

*ಫ್ಲ್ಯಾಟ್ ಇನ್ನೂ ಕಟ್ಟುತ್ತಿದ್ದಾರೆ.* ಕ್ರಯಪತ್ರ ಆಗಿಲ್ಲ, ಕ್ರಯದ ಕರಾರು ಮಾತ್ರ ಆಗಿದೆ. ಇಲ್ಲಿ ಬಿಲ್ಡರ್ ಮತ್ತು ಬ್ಯಾಂಕ್ ಇಬ್ಬರನ್ನೂ ಸೇರಿಸಿಕೊಂಡು ಒಬ್ಬರ ಹೆಸರು ತೆಗೆಸಬೇಕು. ಕ್ರಯಪತ್ರವಾದ ಮೇಲಿನ ಖರ್ಚು-ಓಡಾಟಕ್ಕಿಂತ ಇದು ಹಗುರ. ಮುಂದೂಡಬೇಡಿ.

*ಬಾಡಿಗೆ ಮನೆ.* ಬೆಂಗಳೂರಿನಲ್ಲಿ ಅಡ್ವಾನ್ಸೇ ಲಕ್ಷಗಟ್ಟಲೆ. ಕರಾರು ಯಾರ ಹೆಸರಲ್ಲಿದೆಯೋ ಅವರಿಗೇ ಮಾಲೀಕರು ಹಿಂದಿರುಗಿಸುತ್ತಾರೆ. ಅಡ್ವಾನ್ಸ್ ನಿಮ್ಮ ಖಾತೆಯಿಂದ ಹೋಗಿದ್ದರೆ ಮನೆ ಖಾಲಿ ಮಾಡುವ ಮುಂಚೆಯೇ ಮಾಲೀಕರಿಗೆ ಇಬ್ಬರೂ ಸೇರಿ ಪತ್ರ ಕೊಡಿ, ಯಾರ ಖಾತೆಗೆ ಎಷ್ಟು ಎಂದು.

ಹೆಜ್ಜೆ 3: ಇಎಂಐ ನಿಲ್ಲಿಸಬೇಡಿ

ಸಿಟ್ಟಿನಲ್ಲಿ ಎಲ್ಲರೂ ಮೊದಲು ಮಾಡುವ ತಪ್ಪು ಇದು. ‘ಅವನು ಮನೇಲಿದಾನೆ, ಅವನೇ ಕಟ್ಟಲಿ.’ ಬ್ಯಾಂಕಿಗೆ ನಿಮ್ಮ ಜಗಳ ಸಂಬಂಧವಿಲ್ಲ. ಕಾಂಟ್ರ್ಯಾಕ್ಟ್ ಕಾಯ್ದೆಯ 43ನೇ ಕಲಮಿನಂತೆ ಇಡೀ ಸಾಲವನ್ನು ಇಬ್ಬರಲ್ಲಿ ಯಾರಿಂದ ಬೇಕಾದರೂ ವಸೂಲು ಮಾಡಬಹುದು, ಕಂತು ತಪ್ಪಿದರೆ ಇಬ್ಬರ ಸಿಬಿಲ್ ಸ್ಕೋರೂ ಬೀಳುತ್ತದೆ. ಮುಂದೆ ಒಬ್ಬರು ಮನೆ ಉಳಿಸಿಕೊಳ್ಳಲು ಹೊಸ ಸಾಲ ತೆಗೆಯುವಾಗ ಅದೇ ಕಾಲಿಗೆ ತೊಡಕು.

ಆದ್ದರಿಂದ ನಿಮ್ಮ ಪಾಲು ಕಟ್ಟುತ್ತಾ ಇರಿ. ಅವರ ಪಾಲನ್ನೂ ಕಟ್ಟಬೇಕಾಗಿ ಬಂದರೆ ಕಟ್ಟಿ, ಪ್ರತಿ ಸಲವೂ ‘ಈ ತಿಂಗಳು ನಿಮ್ಮ ಪಾಲಿನ ಇಷ್ಟು ರೂಪಾಯಿಯನ್ನು ನಾನು ಕಟ್ಟಿದ್ದೇನೆ, ಲೆಕ್ಕದಲ್ಲಿ ಹಿಡಿಯಬೇಕು’ ಎಂದು ಇಮೇಲ್ ಮಾಡಿ. ಹನ್ನೆರಡು ತಿಂಗಳಿಗೆ ಹನ್ನೆರಡು ಇಮೇಲ್. ಇಬ್ಬರ ಬಾಯಿಮಾತಿಗಿಂತ ಅವುಗಳ ತೂಕ ಹೆಚ್ಚು.

ಹೆಜ್ಜೆ 4: ಲೆಕ್ಕ ಕೂರಿಸಿ

ವಕೀಲರ ಬಳಿ ಹೋಗುವ ಮುನ್ನ ಒಂದು ಹಾಳೆಯಲ್ಲಿ ಲೆಕ್ಕ ಬರೆದುಕೊಳ್ಳಿ. ಅರ್ಧ ಜಗಳ ಅಲ್ಲೇ ತಿಳಿಯಾಗುತ್ತದೆ. ಒಂದು ಉದಾಹರಣೆ ಮಾಡಿ ತೋರಿಸುತ್ತೇನೆ.

ಫ್ಲ್ಯಾಟ್ ಕೊಂಡಾಗ 70 ಲಕ್ಷ. ಕೈಯಿಂದ 20 ಲಕ್ಷ: ಅವಳದು 14, ಅವನದು 6. ಉಳಿದ 50 ಲಕ್ಷ ಜಂಟಿ ಸಾಲ, ಇಎಂಐ ಅರ್ಧರ್ಧ. ಇವತ್ತು ಸಾಲದ ಅಸಲು 38 ಲಕ್ಷ ಬಾಕಿ. ಮಾರಿದರೆ 1 ಕೋಟಿ 10 ಲಕ್ಷ ಬರುತ್ತದೆ ಎಂದುಕೊಳ್ಳೋಣ. ಸಾಲ ಕಳೆದರೆ ಕೈಗೆ ಬರುವುದು 72 ಲಕ್ಷ.

ಒಂದನೆಯ ದಾರಿ ಸಮಪಾಲು. ತಲಾ 36 ಲಕ್ಷ. ಪತ್ರದಲ್ಲಿ ಅರ್ಧರ್ಧ ಎಂದು ಬರೆದಿದ್ದರೆ ಅಥವಾ ಹಣದ ಪುರಾವೆ ಇಲ್ಲದಿದ್ದರೆ ಇದು.

ಎರಡನೆಯದು 45ನೇ ಕಲಮಿಗೆ ಹತ್ತಿರದ ದಾರಿ. ಸಾಲವೂ ಇಬ್ಬರೂ ಹೊತ್ತ ಬಂಡವಾಳವೇ, ತಲಾ 25 ಲಕ್ಷ. ಹಾಗಾದರೆ ಅವಳು ಹಾಕಿದ್ದು 39, ಅವನು 31. 1 ಕೋಟಿ 10 ಲಕ್ಷವನ್ನು 39ಕ್ಕೆ 31ರಂತೆ ಹಂಚಿದರೆ ಅವಳಿಗೆ 61.29, ಅವನಿಗೆ 48.71. ಇಬ್ಬರಿಂದಲೂ ಬಾಕಿ ಸಾಲದ ಅರ್ಧ, 19 ಲಕ್ಷ ಕಳೆಯಿರಿ. ಅವಳಿಗೆ 42.29 ಲಕ್ಷ, ಅವನಿಗೆ 29.71 ಲಕ್ಷ.

ಮೂರನೆಯದು, ಇದುವರೆಗೆ ಕೈಯಿಂದ ನಿಜಕ್ಕೂ ಹೋದ ಮುಂಗಡ ಮತ್ತು ಅಸಲನ್ನು ಮಾತ್ರ ನೋಡುವುದು. ತೀರಿರುವ ಅಸಲು 12 ಲಕ್ಷ, ತಲಾ 6. ಅವಳು 20, ಅವನು 12. 72 ಲಕ್ಷವನ್ನು ಹೀಗೆ ಹಂಚಿದರೆ ಅವಳಿಗೆ 45, ಅವನಿಗೆ 27.

ಒಂದೇ ಮನೆ, ಅದೇ ದುಡ್ಡು, ಆದರೂ ಅವಳ ಪಾಲು 36ರಿಂದ 45 ಲಕ್ಷದವರೆಗೆ ಓಡಾಡುತ್ತದೆ. ಮಾತುಕತೆಯೆಂದರೆ ಈ 9 ಲಕ್ಷದೊಳಗಿನದು. ಇದು ಕಣ್ಣಿಗೆ ಬಿದ್ದ ಮೇಲೆ, ಹತ್ತು ವರ್ಷ ಕೋರ್ಟಿಗೆ ಅಲೆಯುವುದು ಬೇಕೋ ಬೇಡವೋ ಎಂದು ಇಬ್ಬರೂ ತಾವೇ ಯೋಚಿಸತೊಡಗುತ್ತಾರೆ. ನನ್ನ ಮಟ್ಟಿಗೆ ಎರಡನೆಯ ದಾರಿ ನ್ಯಾಯವಾದದ್ದು. ಸಾಲದ ಹೊರೆಗೆ ಹೆಗಲು ಕೊಟ್ಟಿದ್ದಕ್ಕೂ ಅದರಲ್ಲಿ ಬೆಲೆಯಿದೆ.

ಬಡ್ಡಿಯನ್ನು ನಾನು ಈ ಲೆಕ್ಕಕ್ಕೆ ತಂದಿಲ್ಲ. ಇಬ್ಬರೂ ವಾಸವಿದ್ದ ಕಾಲದ ಬಡ್ಡಿಯನ್ನು ಬಾಡಿಗೆಯಂತೆ ಬಿಟ್ಟುಬಿಡುವುದು ವಾಸಿ. ಒಬ್ಬರು ಹೊರಹೋದ ನಂತರದ ಬಡ್ಡಿ ಮಾತ್ರ ಒಳಗಿರುವವರ ತಲೆಗೆ. ಒಳಾಂಗಣ, ಮಾಡ್ಯುಲರ್ ಕಿಚನ್ ಖರ್ಚಿಗೆ ಬಿಲ್ಲಿದ್ದರೆ ಸೇರಿಸಿ. ಸೋಫಾ, ಫ್ರಿಜ್, ಪರದೆಗಳ ಬಗ್ಗೆ ನನ್ನ ಕಿವಿಮಾತು: ಯಾರು ಕೊಂಡರೋ ಅವರೇ ಒಯ್ಯಲಿ, ಗೊತ್ತಿಲ್ಲದ್ದನ್ನು ಬಿಟ್ಟುಬಿಡಿ. ಕಾರು, ಬೈಕು ಆರ್‌ಸಿಯಲ್ಲಿ ಹೆಸರಿದ್ದವರಿಗೆ. ಇನ್ನೊಬ್ಬರು ಹಣ ಕೊಟ್ಟಿದ್ದರೆ ಲೆಕ್ಕದ ಹಾಳೆಯಲ್ಲಿ ಬರಲಿ.

ಹೆಜ್ಜೆ 5: ಬೀಗ ಬದಲಾದರೆ

ಒಬ್ಬ ಸಹ-ಮಾಲೀಕನ ಸ್ವಾಧೀನ ಎಲ್ಲ ಸಹ-ಮಾಲೀಕರ ಸ್ವಾಧೀನವೂ ಹೌದು. ನಿಮ್ಮನ್ನು ಒಳಗೆ ಬಿಡದೆ ಬೀಗ ಬದಲಿಸಿದರೆ 1963ರ ನಿರ್ದಿಷ್ಟ ಪರಿಹಾರ ಕಾಯ್ದೆಯ 6ನೇ ಕಲಮಿನಡಿ ಆರು ತಿಂಗಳೊಳಗೆ ಸ್ವಾಧೀನ ಕೇಳಿ ದಾವೆ ಹಾಕಬಹುದು. ಆರು ತಿಂಗಳು ಬೇಗ ಕಳೆಯುತ್ತದೆ. ಪೊಲೀಸ್ ಠಾಣೆಯಲ್ಲಿ ‘ಇದು ಸಿವಿಲ್ ಮ್ಯಾಟರ್’ ಎನ್ನುತ್ತಾರೆ, ಒಡೆತನದ ಮಟ್ಟಿಗೆ ಅದು ಸರಿಯೂ ಹೌದು. ದೂರು ಕೊಟ್ಟು ಸ್ವೀಕೃತಿ ಇಟ್ಟುಕೊಂಡರೆ ದಿನಾಂಕಕ್ಕೆ ಪುರಾವೆಯಾಗುತ್ತದೆ. ನೀವಾಗಿಯೇ ಬೀಗ ಒಡೆದು ನುಗ್ಗಬೇಡಿ.

ಹೆಣ್ಣುಮಕ್ಕಳಿಗೆ ಇನ್ನೊಂದು ಬಾಗಿಲಿದೆ. 2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆ ‘ಮದುವೆಯಂತಹ ಸಂಬಂಧ’ವನ್ನೂ ಒಳಗೊಂಡಿದೆ. ಹಿಂಸೆಯಿದ್ದರೆ, ಮನೆ ಯಾರ ಹೆಸರಲ್ಲೇ ಇರಲಿ, ಒಟ್ಟಿಗೆ ಬಾಳಿದ ಮನೆಯಿಂದ ಹೊರಹಾಕದಂತೆ ಮ್ಯಾಜಿಸ್ಟ್ರೇಟರಿಂದ ಆದೇಶ ಪಡೆಯಬಹುದು. ಯಾವುದು ಮದುವೆಯಂತಹ ಸಂಬಂಧ? 2010ರ ವೇಲುಸಾಮಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದಂತೆ, ಇಬ್ಬರೂ ಮದುವೆಗೆ ಅರ್ಹ ವಯಸ್ಸಿನವರು, ಅವಿವಾಹಿತರು, ಸಮಾಜದೆದುರು ಗಂಡ-ಹೆಂಡತಿಯಂತೆ ಸಾಕಷ್ಟು ಕಾಲ ಸ್ವಇಚ್ಛೆಯಿಂದ ಬಾಳಿದವರಾಗಿರಬೇಕು. ಕರ್ನಾಟಕದಿಂದಲೇ ಹೋದ ಇಂದ್ರಾ ಶರ್ಮಾ ಪ್ರಕರಣದಲ್ಲಿ, 2013ರಲ್ಲಿ, ಗಂಡಸಿಗೆ ಮದುವೆಯಾಗಿರುವುದು ಗೊತ್ತಿದ್ದೇ ಜೊತೆಗಿದ್ದ ಮಹಿಳೆಗೆ ಈ ರಕ್ಷಣೆ ಸಿಗಲಿಲ್ಲ. ಆದರೆ ನೆನಪಿಡಿ, ಸಿಕ್ಕರೂ ಅದು ವಾಸದ ಹಕ್ಕು, ಒಡೆತನವಲ್ಲ. ಹೊಡೆತ, ಬೆದರಿಕೆ ಇದ್ದರೆ ಕಾಗದಪತ್ರ ನಂತರದ ಮಾತು. ಮೊದಲು ಸುರಕ್ಷಿತ ಜಾಗಕ್ಕೆ ಹೋಗಿ, ಮಹಿಳಾ ಸಹಾಯವಾಣಿ 181ಕ್ಕೆ ಕರೆ ಮಾಡಿ.

ಒಂದೇ ಲಿಂಗದ ಜೋಡಿಗಳಿಗೆ ಈ ಬಾಗಿಲು ತೆರೆದಿಲ್ಲ. 2023ರ ಅಕ್ಟೋಬರ್ ತೀರ್ಪಿನಲ್ಲಿ ಅವರ ಮದುವೆಗೂ ಮಾನ್ಯತೆ ಸಿಗಲಿಲ್ಲ. ಆದರೆ ಜಂಟಿ ಒಡೆತನದ ನಿಯಮ ಅವರಿಗೂ ಅಕ್ಷರಶಃ ಇದೇ. ಅವರಿಗೆ ಕ್ರಯಪತ್ರದ ಹೆಸರೊಂದೇ ಆಧಾರ, ಹೀಗಾಗಿ ಇನ್ನೂ ಹೆಚ್ಚು ಜಾಗ್ರತೆ ಬೇಕು.

ಇನ್ನೊಂದು ಮಾತನ್ನು ಇಲ್ಲೇ ಹೇಳಿಬಿಡುತ್ತೇನೆ. ಮದುವೆಯ ಸುಳ್ಳು ಭರವಸೆಯ ಕೇಸು ಹಾಕುತ್ತೇನೆಂದು ಹೆದರಿಸಿ ಮನೆ ಬರೆಸಿಕೊಳ್ಳಲು ಯಾರಾದರೂ ಸಲಹೆ ಕೊಟ್ಟರೆ ಕೇಳಬೇಡಿ. ನಿಜಕ್ಕೂ ಅಪರಾಧ ನಡೆದಿದ್ದರೆ ಅದಕ್ಕಾಗಿಯೇ ದೂರು ಕೊಡಿ. ಬೆದರಿಕೆಯಿಂದ ಬರೆಸಿಕೊಂಡ ಪತ್ರ ಮುಂದೆ ಕೋರ್ಟಿನಲ್ಲಿ ಬಿದ್ದುಹೋಗುತ್ತದೆ.

ಹೆಜ್ಜೆ 6: ಕೂತು ಮಾತಾಡಿ, ಸಾಧ್ಯವಾದರೆ ಮೂರನೆಯವರ ಎದುರು

ಅಪ್ಪ-ಅಮ್ಮ, ಮಾವ, ಸ್ನೇಹಿತರನ್ನು ಸೇರಿಸಿದ ಪಂಚಾಯ್ತಿ ಬಹಳ ಸಲ ಹಣದ ಮಾತು ಬಿಟ್ಟು ನಡತೆಯ ಮಾತಿಗೆ ಹೋಗುತ್ತದೆ. ತರಬೇತಾದ ಮಧ್ಯಸ್ಥರು ಬೇಕು. ದಾವೆ ಹಾಕುವ ಮುನ್ನವೇ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಅರ್ಜಿ ಕೊಟ್ಟರೆ ಇನ್ನೊಬ್ಬರನ್ನು ಕರೆಸುತ್ತಾರೆ. ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇರಲಿ ಉಚಿತ ಕಾನೂನು ನೆರವಿನ ಹಕ್ಕಿದೆ, ಸಹಾಯವಾಣಿ 15100. ಲೋಕ್ ಅದಾಲತ್‌ನಲ್ಲಿ ಆದ ರಾಜಿ ಕೋರ್ಟಿನ ಡಿಕ್ರಿಗೆ ಸಮ, ಅದರ ಮೇಲೆ ಮೇಲ್ಮನವಿಯಿಲ್ಲ. ದಾವೆ ಹಾಕಿದ ಮೇಲಾದರೆ ಬೆಂಗಳೂರಿನಲ್ಲಿ ಕೋರ್ಟೇ ಮಧ್ಯಸ್ಥಿಕೆ ಕೇಂದ್ರಕ್ಕೆ ಕಳಿಸುತ್ತದೆ.

ಮುಂದಿರುವ ದಾರಿ ಮೂರೇ: ಒಬ್ಬರು ಇನ್ನೊಬ್ಬರ ಪಾಲು ಕೊಳ್ಳುವುದು, ಹೊರಗಿನವರಿಗೆ ಮಾರಿ ಹಂಚಿಕೊಳ್ಳುವುದು, ಸದ್ಯ ಬಾಡಿಗೆಗೆ ಕೊಟ್ಟು ಇಎಂಐ ತೀರಿಸುವುದು. ಮೂರನೆಯದನ್ನು ನಾನು ಸಾಮಾನ್ಯವಾಗಿ ಒಪ್ಪುವುದಿಲ್ಲ. ಗಾಯ ಆರುವುದಕ್ಕೆ ಬಿಡದೆ ಪ್ರತಿ ತಿಂಗಳೂ ಲೆಕ್ಕಕ್ಕೆ ಕೂರಿಸುತ್ತದೆ.

ಹೆಜ್ಜೆ 7: ಒಬ್ಬರು ಉಳಿಸಿಕೊಳ್ಳುವುದಾದರೆ

ಇಲ್ಲಿ ಕ್ರಮ ತಪ್ಪಿದರೆ ಲಕ್ಷಗಟ್ಟಲೆ ನಷ್ಟ. ಮೊದಲು ಬ್ಯಾಂಕ್, ಆಮೇಲೆ ಪತ್ರ.

ಉಳಿಸಿಕೊಳ್ಳುವವರ ಒಬ್ಬರದೇ ಸಂಬಳಕ್ಕೆ ಅಷ್ಟು ಸಾಲ ಹುಟ್ಟುತ್ತದೆಯೇ ಎಂದು ಬ್ಯಾಂಕ್ ಹೊಸದಾಗಿ ನೋಡುತ್ತದೆ. ಒಪ್ಪದಿದ್ದರೆ ಬೇರೆ ಬ್ಯಾಂಕಿಗೆ ಸಾಲ ವರ್ಗಾಯಿಸಬೇಕಾಗಬಹುದು. ಲಿಖಿತ ಮಂಜೂರಾತಿ ಕೈಗೆ ಬರುವ ತನಕ ಹೊರಹೋಗುವವರು ಹಕ್ಕು ಬಿಡುಗಡೆಗೆ ಸಹಿ ಹಾಕಬಾರದು. ಹಾಕಿದರೆ ಮನೆ ಹೋಗುತ್ತದೆ, ಸಾಲ ಉಳಿಯುತ್ತದೆ. ಈ ಅನ್ಯಾಯಕ್ಕೆ ಒಳಗಾದವರನ್ನು ಕಂಡು ನನಗೆ ಸಂಕಟವಾಗಿದೆ.

ನಂತರ ಹಕ್ಕು ಬಿಡುಗಡೆ ಪತ್ರ, ಆಡುಮಾತಿನ ರಿಲೀಸ್ ಡೀಡ್. ನೋಂದಣಿ ಕಡ್ಡಾಯ. ಛಾಪಾ ಕಾಗದದ ಮೇಲೆ ಬರೆದು ನೋಟರಿ ಮಾಡಿಸಿದರೆ ಒಡೆತನ ಬದಲಾಗುವುದಿಲ್ಲ. ಮನೆಮಂದಿಯ ನಡುವಿನ ಹಕ್ಕು ಬಿಡುಗಡೆಗೆ, ದಾನಪತ್ರಕ್ಕೆ ಇರುವ ಸಣ್ಣ ನಿಗದಿತ ಶುಲ್ಕದ ರಿಯಾಯಿತಿ ನಿಮಗಿಲ್ಲ, ಕಾನೂನಿನ ಪ್ರಕಾರ ನೀವು ಒಂದೇ ಕುಟುಂಬವಲ್ಲ. ಬಿಟ್ಟುಕೊಡುವ ಪಾಲಿನ ಮೌಲ್ಯದ ಮೇಲೆ ಶೇ 5 ಮುದ್ರಾಂಕ ಶುಲ್ಕ, ಅದರ ಮೇಲೆ ಸೆಸ್ ಮತ್ತು ಸರ್‌ಚಾರ್ಜ್. 2025ರ ಆಗಸ್ಟ್ 31ರಿಂದ ನೋಂದಣಿ ಶುಲ್ಕ ಶೇ 2. ಮೇಲಿನ ಉದಾಹರಣೆಯಲ್ಲಿ ಅವನ ಪಾಲು 48.71 ಲಕ್ಷ, ಶುಲ್ಕಗಳಿಗೇ ಸುಮಾರು 3.7 ಲಕ್ಷ ಬೇಕು. ಇದನ್ನು ಯಾರು ಕೊಡುತ್ತಾರೆ ಎಂಬುದೂ ರಾಜಿಯಲ್ಲಿ ಬರೆದಿರಲಿ.

‘ಸುಮ್ಮನೆ ಬಿಟ್ಟುಕೊಡ್ತೀನಿ, ನಂಗೇನೂ ಬೇಡ’ ಎನ್ನುವವರೂ ಇರುತ್ತಾರೆ. ಆ ದೊಡ್ಡತನಕ್ಕೂ ತೆರಿಗೆಯಿದೆ. ಆದಾಯ ತೆರಿಗೆ ಕಾನೂನಿನ ‘ಸಂಬಂಧಿಕರ’ ಪಟ್ಟಿಯಲ್ಲಿ ಸಂಗಾತಿ ಇಲ್ಲ. ಹಾಗಾಗಿ 50,000 ರೂ. ಮೀರಿದ ಮೌಲ್ಯದ ಆಸ್ತಿಯನ್ನು ಪುಕ್ಕಟೆ ಪಡೆದವರಿಗೆ ಅದು ಆದಾಯವಾಗಿ ತೆರಿಗೆಗೆ ಬೀಳುತ್ತದೆ. ದುಡ್ಡು ಪಡೆದು ಪಾಲು ಬಿಟ್ಟವರಿಗೆ ಬಂಡವಾಳ ಲಾಭದ ತೆರಿಗೆ. ನೋಂದಣಿಗೆ ಮುಂಚೆ ಲೆಕ್ಕ ಪರಿಶೋಧಕರ ಬಳಿ ಒಂದು ಗಂಟೆ ಕೂತು ಬನ್ನಿ. ನಗದು ಬೇಡವೇ ಬೇಡ: ಸ್ಥಿರಾಸ್ತಿ ವ್ಯವಹಾರದಲ್ಲಿ 20,000 ರೂ. ಅಥವಾ ಹೆಚ್ಚು ನಗದು ಪಡೆದರೆ ಅಷ್ಟೇ ಮೊತ್ತದ ದಂಡ ಬೀಳಬಹುದು.

ಒಬ್ಬರು ಹೊರದೇಶದಲ್ಲಿದ್ದರೆ ಅಲ್ಲಿನ ಭಾರತೀಯ ದೂತಾವಾಸದಲ್ಲಿ ದೃಢೀಕರಿಸಿದ ಅಧಿಕಾರಪತ್ರ ಕಳಿಸಬೇಕು, ಇಲ್ಲಿಗೆ ತಲುಪಿದ ಮೂರು ತಿಂಗಳೊಳಗೆ ಅದಕ್ಕೆ ಮುದ್ರಾಂಕ ಶುಲ್ಕ ಕಟ್ಟಿಸಬೇಕು. ಅಧಿಕಾರಪತ್ರವನ್ನು ಮಾಜಿ ಸಂಗಾತಿಗೇ ಕೊಡದೆ ನಂಬಿಕೆಯ ಮೂರನೆಯವರಿಗೆ ಕೊಡಿ, ಅದೂ ಈ ಒಂದು ಕೆಲಸಕ್ಕೆ ಮಾತ್ರ.

ಹೆಜ್ಜೆ 8: ಏನೂ ಆಗದಿದ್ದರೆ ವಿಭಾಗದ ದಾವೆ

ಕುಟುಂಬ ನ್ಯಾಯಾಲಯ ಮದುವೆಯಾದವರ ವ್ಯಾಜ್ಯಗಳಿಗೆ. ನಿಮ್ಮದು ಸಿವಿಲ್ ಕೋರ್ಟ್. ದಾವೆಯ ಜೊತೆಗೇ, ಆಸ್ತಿಯನ್ನು ಮಾರದಂತೆ, ಅಡವಿಡದಂತೆ ತಡೆಯಾಜ್ಞೆ ಕೇಳಿ. ಸಹ-ಮಾಲೀಕರು ತಮ್ಮ ಅವಿಭಜಿತ ಪಾಲನ್ನು ಹೊರಗಿನವರಿಗೆ ಮಾರಬಲ್ಲರು, ಇಡೀ ಮನೆಯನ್ನಲ್ಲ. ಇನ್ನೊಬ್ಬರು ಮೊದಲು ಕೋರ್ಟಿಗೆ ಹೋಗಬಹುದೆಂಬ ಅನುಮಾನವಿದ್ದರೆ ಕೇವಿಯಟ್, ಅಂದರೆ ನಿಮ್ಮ ಮಾತು ಕೇಳದೆ ಆದೇಶ ಕೊಡಬಾರದೆಂಬ ಮುನ್ನೆಚ್ಚರಿಕೆಯ ಅರ್ಜಿ, ಹಾಕಿಡಿ, 90 ದಿನ ಚಾಲ್ತಿಯಲ್ಲಿರುತ್ತದೆ.

ಕೋರ್ಟ್ ಮೊದಲು ಪಾಲು ಎಷ್ಟೆಂದು ಪ್ರಾಥಮಿಕ ಡಿಕ್ರಿ ಕೊಡುತ್ತದೆ. ಎರಡು ಕೋಣೆಯ ಫ್ಲ್ಯಾಟಿಗೆ ನಡುವೆ ಗೋಡೆ ಎಬ್ಬಿಸಲಾಗದು, ಆಗ 1893ರ ವಿಭಾಗ ಕಾಯ್ದೆ ಬರುತ್ತದೆ. ಅರ್ಧ ಅಥವಾ ಹೆಚ್ಚು ಪಾಲಿರುವವರು ಮಾರಿ ಹಣ ಹಂಚಿ ಎಂದು ಕೇಳಬಹುದು. ಹಾಗೆ ಕೇಳಿದೊಡನೆ ಇನ್ನೊಬ್ಬರಿಗೆ, ಕೋರ್ಟ್ ಕಟ್ಟಿದ ಬೆಲೆಗೆ ತಾವೇ ಕೊಳ್ಳುವ ಅವಕಾಶ ಹುಟ್ಟುತ್ತದೆ. ಇದನ್ನು ತಿಳಿಯದೆ ಮಾರಾಟ ಕೇಳಿ, ಉಳಿಸಿಕೊಳ್ಳಬೇಕೆಂದಿದ್ದ ಮನೆಯನ್ನೇ ಕಳೆದುಕೊಂಡವರಿದ್ದಾರೆ. ಮನೆ ಬೇಕೋ ಹಣ ಬೇಕೋ ಎಂದು ಮೊದಲೇ ತೀರ್ಮಾನಿಸಿ ಅರ್ಜಿ ಹಾಕಿ.

ಹೆಜ್ಜೆ 9: ಎಲ್ಲ ಮುಗಿದ ಮೇಲೆ

ನೋಂದಣಿಯಾಗಿ ಎರಡು ವಾರದ ನಂತರ ಹೊಸ ಇಸಿ ತೆಗೆದು, ಹಕ್ಕು ಬಿಡುಗಡೆ ನಮೂದಾಗಿದೆಯೇ ನೋಡಿ. ಹೊರಹೋದವರು ಬ್ಯಾಂಕಿನಿಂದ ‘ಇನ್ನು ಮುಂದೆ ಈ ಸಾಲಕ್ಕೆ ಹೊಣೆಯಲ್ಲ’ ಎಂಬ ಪತ್ರ ಪಡೆಯಿರಿ. ಒಂದೆರಡು ತಿಂಗಳು ಬಿಟ್ಟು ಸಿಬಿಲ್ ವರದಿಯಲ್ಲಿ ಆ ಸಾಲ ನಿಮ್ಮ ಹೆಸರಿನಿಂದ ಹೋಗಿದೆಯೇ ಎಂದು ಖಾತ್ರಿ ಮಾಡಿಕೊಳ್ಳಿ. ಉಳಿದವರು ಇ-ಖಾತಾ, ಬೆಸ್ಕಾಂ, ಸಂಘದ ದಾಖಲೆಯಲ್ಲಿ ಹೆಸರು ಬದಲಿಸಿಕೊಳ್ಳಿ. ಹೊರಹೋಗುವವರ ಬಳಿಯಿರುವ ಕೀಲಿ, ಪಾರ್ಕಿಂಗ್ ಕಾರ್ಡು ಹಿಂದಿರುಗಿಸಿದ ದಿನ ಎರಡು ಪ್ರತಿ ಪಟ್ಟಿ ಬರೆದು, ಇಬ್ಬರೂ ಸಹಿ ಹಾಕಿ, ಒಂದೊಂದು ಇಟ್ಟುಕೊಳ್ಳಿ.